ರೊಟ್ಟಿ ಸಪ್ಪಳದ ನಿದ್ದೆ

ನಿದ್ದೆಗೂ ನನಗೂ ಹಳೆಯ ದ್ವೇಷವೇನಿಲ್ಲ. ನಾನು ಹಾಸಿಗೆಗೆ ಬಂದಾಗ ಅದು ಬರುವುದಿಲ್ಲ, ಬೈಕ್ ಹತ್ತಿದಾಗ ಬಿಡುವುದಿಲ್ಲ, ಅಷ್ಟೇ. ದಿಂಬಿಗೆ ತಲೆ ಕೊಟ್ಟೊಡನೆ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂಬ ಚಿಂತೆ ಏಳುತ್ತದೆ. ನೋಡಿ ಬರಲು ಎದ್ದವನು ಕೆಟ್ಟ ರೇಡಿಯೋ ಬಿಚ್ಚಿಕೊಂಡು ಕೂರುತ್ತೇನೆ. ಗ್ಯಾಸ್ ನೋಡಿರುವುದೇ ಇಲ್ಲ. ಗಮನ ಒಂದೆಡೆ ನಿಲ್ಲದ ಈ ತೊಂದರೆಗೆ ಎಡಿಎಚ್‌ಡಿ ಎನ್ನುತ್ತಾರೆಂದು ವಿಜಯಪುರದ ಡಾಕ್ಟರು ಹೇಳುವ ಹೊತ್ತಿಗೆ ನನ್ನ ತಲೆ ನರೆತಿತ್ತು. ಶಾಲೆಯಲ್ಲಿ ಮಾಸ್ತರರು ಇದಕ್ಕೇ ‘ಲಕ್ಷ್ಯ ಎಲ್ಲೈತಿ’ ಎಂದು ಕಿವಿ ಹಿಂಡುತ್ತಿದ್ದರು.

ಡಾಕ್ಟರ ಬಳಿ ಹೋಗಲು ಕಾರಣ ಒಂದು ತೊಗರಿ ಹೊಲ. ಬಾಗೇವಾಡಿಯಿಂದ ಮನಗೂಳಿಗೆ ಕೆಲಸಕ್ಕೆ ಹೋಗುವಾಗ ಬೈಕ್ ಮೇಲೇ ತೂಕಡಿಸಿ ಅದರೊಳಗೆ ಇಳಿದಿದ್ದೆ. ನನಗೂ ತೊಗರಿಗೂ ಹೆಚ್ಚೇನಾಗಲಿಲ್ಲ. ಆದರೆ ಹೆಂಡತಿ ಸಾವಿತ್ರಿ ಬೈಕಿನ ಚಾವಿಯನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಮೊದಲ ಹಾಸಿಗ್ಯಾಗ ಮಲಗೂದು ಕಲೀರಿ. ಆಮ್ಯಾಲೆ ಗಾಡಿ.”

ಡಾಕ್ಟರ ಮಾತಿನಂತೆ ಸಂಜೆಯ ಚಹಾ ಬಿಟ್ಟೆ, ಹಗಲು ನಿದ್ದೆ ಬಿಟ್ಟೆ, ದಿನಾ ಒಂದೇ ಹೊತ್ತಿಗೆ ಎದ್ದು ಬಿಸಿಲಿಗೆ ನಿಂತೆ, ಫೋನನ್ನು ಅಡುಗೆಮನೆಗೆ ಗಡಿಪಾರು ಮಾಡಿದೆ. ಒಂದೇ ತೆರನಾದ ಸಪ್ಪಳ ಕೇಳುತ್ತಿದ್ದರೆ ಕೆಲವರ ತಲೆ ಅಲೆಯುವುದಿಲ್ಲ ಎಂದೂ ಅವರು ಹೇಳಿದ್ದರು. ಮಳೆಯ ಸದ್ದು ಹಚ್ಚಿದರೆ ಮಾಳಿಗೆ ಸೋರುವ ಚಿಂತೆ. ಸಮುದ್ರ ಹಚ್ಚಿದರೆ ಈಜು ಬರದ ಚಿಂತೆ. ಕೊನೆಗೆ ಸಾವಿತ್ರಿ ಜೋಳದ ರೊಟ್ಟಿ ಬಡಿಯುವ ಸಪ್ಪಳವನ್ನು ಫೋನಿನಲ್ಲಿ ಹಿಡಿದು, ಅಡುಗೆಮನೆಯಿಂದಲೇ ಕೇಳುವಂತೆ ಜೋರಾಗಿ ಹಚ್ಚಿಟ್ಟೆ. ಟಪ್ ಟಪ್ ಟಪ್. ಅದರಾಚೆಯದು ನನಗೆ ನೆನಪಿಲ್ಲ. ವಾರಗಟ್ಟಲೆ ನೆನಪಿಲ್ಲ.

ಒಂದು ರವಿವಾರ ಪಕ್ಕದ ಮನೆಯ ಶಾಹೀನಾ ಬುಟ್ಟಿ ತುಂಬ ಜೋಳದ ಹಿಟ್ಟು ತಂದು, ಮುಖ ಉಬ್ಬಿಸಿಕೊಂಡು ನಿಂತಳು. ನಮ್ಮಲ್ಲಿ ಮದುವೆ ಬಂತೆಂದರೆ ಓಣಿಯ ಹೆಂಗಸರೆಲ್ಲ ಸೇರಿ ರೊಟ್ಟಿ ಬಡಿಯುವುದು ರೂಢಿ.

“ದಿನಾ ರಾತ್ರಿ ಬುಟ್ಟಿಗಟ್ಟಲೆ ರೊಟ್ಟಿ ಬಡ್ಯಾಕತ್ತೀರಿ. ಮಗಳ ಲಗ್ನ ಹಿಡದು ನಮಗ ಹೇಳಲೇ ಇಲ್ಲಲ್ರಿ ಅಕ್ಕಾ?”

ಸಾವಿತ್ರಿ ನಗು ತಡೆಯಲಾರದೆ ಎಲ್ಲ ಹೇಳಿದಳು. ಶಾಹೀನಾ ನನ್ನನ್ನೊಮ್ಮೆ ನೋಡಿ, “ಅಣ್ಣಾರು ಮಲಗಾಕತ್ತಾರ ಅಂದ್ರ ಅದೂ ಲಗ್ನದಷ್ಟ ದೊಡ್ಡ ಸುದ್ದಿ ಬಿಡ್ರಿ” ಎಂದಳು. ಆ ಖುಷಿಯಲ್ಲೇ ಸಾವಿತ್ರಿ ಚಾವಿ ತೆಗೆದು ನನ್ನ ಅಂಗೈಗಿಟ್ಟಳು. ತಂದ ಹಿಟ್ಟು ವಾಪಸ್ ಒಯ್ಯುವುದು ಸರಿಯಲ್ಲವೆಂದು ಇಬ್ಬರೂ ಅಲ್ಲೇ ಬಡಿಯಲು ಕೂತರು. ನಾನು ಚಾವಿ ತಿರುಗಿಸುತ್ತ ಕುರ್ಚಿಯಲ್ಲಿ ಹಾಯಾಗಿ ಕೂತೆ. ಈ ಸಲ ನಾಲ್ಕು ಕೈಗಳ ಟಪ್ ಟಪ್.

ಎಚ್ಚರವಾದಾಗ ಬಿಸಿಲು ಅಂಗಳ ದಾಟಿತ್ತು. ಚಾವಿ ಸಾವಿತ್ರಿಯ ಸೊಂಟದಲ್ಲಿತ್ತು. ಮರುದಿನ ಮುಂಜಾನೆ ಅದನ್ನು ತಿರುಗಿ ಕೊಟ್ಟಳು, ಒಂದು ಷರತ್ತಿನ ಮೇಲೆ: “ದಾರ್ಯಾಗ ಯಾರರ ಮನ್ಯಾಗ ರೊಟ್ಟಿ ಬಡೀತಿದ್ರ, ಗಾಡಿ ನಿಲ್ಲಿಸಿ ಇಳಿದು ಬಿಡ್ರಿ.”

ಈಗ ಎಚ್ಚರವಾಗಿಯೇ ಮನಗೂಳಿಗೆ ಹೋಗಿ ಬರುತ್ತಿದ್ದೇನೆ. ಮನೆಗಳಿರುವ ಕಡೆ ಮಾತ್ರ, ರೊಟ್ಟಿ ಸಪ್ಪಳ ಕಿವಿಗೆ ಬೀಳದಂತೆ, ಹಾರ್ನ್ ಮೇಲಿನ ಬೆರಳು ತೆಗೆಯುವುದಿಲ್ಲ.