ಮಂತ್ರಿಮಂಡಲದ ಮೇಜಿಗೆ, ಮರದ ಪುಡಿಯ ವಿಷಯವಾಗಿ

ಮಾನ್ಯ ಮೇಜಿನವರೇ,

ಹದಿನಾರು ಕಾಲುಗಳ ಮೇಲೆ ಅಲುಗದೆ ನಿಂತಿರುವ ತಮಗೆ, ಎರಡೇ ಕಾಲುಗಳ ಮೇಲೆ ತಡವರಿಸುವ ತಾತ್ಕಾಲಿಕ ಸಹಾಯಕಿಯ ನಮಸ್ಕಾರಗಳು. ಇಂದು ಬೆಳಿಗ್ಗೆ ಆಸನಗಳ ನಕ್ಷೆ ತಾಳೆ ನೋಡಲು ಸಭಾಕೊಠಡಿಗೆ ಬಂದಾಗ, ತಮ್ಮ ಬಲತುದಿಯ ಕೆಳಗೆ ಒಂದು ಹಿಡಿ ಹೊಸ ಮರದ ಪುಡಿ ಕಂಡೆ. ಮೇಲಧಿಕಾರಿಗಳ ಮುಂದೆ ಬಾಯಿ ಬಾರದ್ದರಿಂದ ತಮಗೇ ಬರೆಯುತ್ತಿದ್ದೇನೆ.

‘ಮಂತ್ರಿಮಂಡಲ: ಇತಿಹಾಸ ಮತ್ತು ರಚನೆ’ ಎಂಬ ಸರ್ಕಾರಿ ಪುಸ್ತಕ ಬರೆಯುವುದು ನನ್ನ ಕೆಲಸ. ಅದು ಇಂದು ಸಂಜೆಯೊಳಗೆ ಅಚ್ಚಿಗೆ ಹೋದರೆ ನೌಕರಿ ಕಾಯಂ, ಇಲ್ಲವಾದರೆ ನಾಳೆಯಿಂದ ಮನೆ. ಇತಿಹಾಸವೇನೋ ಸಲೀಸಾಗಿ ಮುಗಿಯಿತು: ಮೊದಲ ಮಂಡಲದಲ್ಲಿ ಏಳೇ ಜನ, ತಾವೂ ಆಗ ಊಟದ ಮೇಜಿನಷ್ಟೇ ಇದ್ದಿರಿ; ಪ್ರಧಾನಿಗಳು ತಲೆಯ ಕಡೆ, ಹಣಕಾಸಿನವರು ಬಲಕ್ಕೆ, ಗೃಹದವರು ಎಡಕ್ಕೆ, ಕಿರಿಯ ಮಂತ್ರಿಗಳು ಗೋಡೆಬದಿಯ ಕುರ್ಚಿಗಳಲ್ಲಿ. ಕಷ್ಟವೆಲ್ಲ ರಚನೆಯದು. ಯಾರಾದರೂ ಮುನಿಸಿಕೊಂಡಾಗಲೆಲ್ಲ ಒಂದು ಖಾತೆಯನ್ನು ಸೀಳಿ, ಬಡಗಿಯನ್ನು ಕರೆಸಿ, ತಮಗೊಂದು ಹಲಗೆ ಜೋಡಿಸುವುದು ಇಲ್ಲಿನ ಪದ್ಧತಿ. ನೀರಾವರಿಯು ಹರಿಯುವ ನೀರು, ನಿಂತ ನೀರು ಎಂದು ಎರಡಾದಾಗ ನನ್ನ ಕರಡು ಮೊದಲ ಸಲ ವಾಪಸು ಬಂತು. ಮೀನುಗಾರಿಕೆಯಿಂದ ಬಲೆ ಬೇರೆಯಾದಾಗ ಎರಡನೆಯ ಸಲ. ಮೂವತ್ತೊಂಬತ್ತು ಜನರ ಮೊಣಕೈ ಹೊತ್ತೂ ಒಮ್ಮೆಯೂ ಕಿರುಗುಟ್ಟದ ತಮ್ಮ ದೊಡ್ಡತನ ಯಾವ ಪಕ್ಷದಲ್ಲಿದೆ?

ಬಡಗಿಯಣ್ಣನನ್ನು ಕೇಳಿದೆ. “ನಾಳೆ ಇನ್ನೊಬ್ರು ಬರ್ತಾರಂತೆ ತಂಗಿ. ಖಾತೆ ಯಾವ್ದಾದ್ರೆ ನಂಗೇನು, ಮೊಣಕೈಗೆ ಎಷ್ಟು ಜಾಗ ಬೇಕು ಅಂದ್ರೆ ಸಾಕು” ಎಂದರು. ಇದು ಮೇಲಧಿಕಾರಿಗಳ ಕಿವಿಗೆ ಬಿದ್ದರೆ “ಅವ್ರೂ ಸೇರ್ಲಿ, ಆಮೇಲೆ ಅಚ್ಚು ಹಾಕ್ಸೋಣ ಬಿಡಮ್ಮ” ಎನ್ನುವುದು ಖಂಡಿತ.

ಆದ್ದರಿಂದ ಬಿನ್ನಹವೇನೆಂದರೆ, ತಾವು ದಯವಿಟ್ಟು ಇನ್ನು ಮುಂದೆ ಪುಡಿ ಉದುರಿಸದೆ ಹಿಗ್ಗುವ ರಬ್ಬರಿನವರಾಗಬೇಕು. ಅದಾಗದಿದ್ದರೆ ಸಂಜೆಯವರೆಗಾದರೂ ಆ ಹೊಸ ಹಲಗೆಯನ್ನು ಹೊಟ್ಟೆಯೊಳಗೆ ಎಳೆದುಕೊಂಡಿರಬೇಕು.

ತಮ್ಮ ಉತ್ತರಕ್ಕೆ ಕಾಯುವಷ್ಟು ಹೊತ್ತಿಲ್ಲದ್ದರಿಂದ, ಮರದ ಪುಡಿಯನ್ನು ನಾನೇ ಗುಡಿಸಿ ಸರ್ಕಾರಿ ಲಕೋಟೆಗೆ ತುಂಬಿದ್ದೇನೆ. ಕೊನೆಯ ಪುಟದಲ್ಲಿ ‘ಇಂದಿನವರೆಗೆ ಮೂವತ್ತೊಂಬತ್ತು’ ಎಂದು ಬರೆದಿದ್ದೇನೆ. ಇಂದಿನವರೆಗೆ ಅದು ನಿಜವೇ. ಯಾರನ್ನೂ ಕೇಳದೆ, ಕರಡನ್ನು ಈಗಲೇ ಮುದ್ರಣಾಲಯಕ್ಕೆ ಒಯ್ಯುತ್ತಿದ್ದೇನೆ. ಈ ಪತ್ರ ಬಹಿರಂಗವೇ. ಆದರೆ ಪುಸ್ತಕ ಅಚ್ಚಾದ ಮೇಲೆ.

ತಮ್ಮ ವಿಶ್ವಾಸಿ,
ಇತಿಹಾಸ ವಿಭಾಗದ, ಸಂಜೆಯವರೆಗೆ ತಾತ್ಕಾಲಿಕ ಸಹಾಯಕಿ

ಮರೆತ ಮಾತು: ಮುಂದಿನ ವಿಸ್ತರಣೆಯಲ್ಲಿ ಬಡಗಿಯಣ್ಣನಿಗೂ ಒಂದು ಕುರ್ಚಿ ಸಿಗುವಂತೆ ನೋಡಿ. ಈ ಕೊಠಡಿಯಲ್ಲಿ ಕೈಯಾರೆ ಏನನ್ನಾದರೂ ಕಟ್ಟಿದವರು ಅವರೊಬ್ಬರೇ.