ರೋಮಿನ ಬೀಗರು

ನಮ್ಮ ಮನೆಯವರ ಬಂಧುಬಳಗ ಬಹಳ ದೊಡ್ಡದು. ಅದರಲ್ಲಿ ಅವರಿಗೆ ತೀರ ಹತ್ತಿರದವರೆಲ್ಲ ಸತ್ತು ಎರಡು ಸಾವಿರ ವರ್ಷ ಆಗಿದೆ! ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ಮಠದ ಅಜ್ಜನವರು ಪ್ರವಚನದಲ್ಲಿ ಹೇಳುತ್ತಾರೆ. ಹೇಳಲಿ, ಅವರಿಗೇನು? ಅವರ ಕಪಾಟಿನಲ್ಲಿ ರೋಮಿನ ಚಕ್ರವರ್ತಿಗಳು ಬಂದು ಕೂತಿಲ್ಲ. ನಮ್ಮ ಕಪಾಟಿನಲ್ಲಿ ಕೂತಿದ್ದಾರೆ. ನನ್ನ ಇಳಕಲ್ ಸೀರೆಗಳನ್ನು ಟ್ರಂಕಿಗೆ ಅಟ್ಟಿ, ಗಾಳಿ ಬೆಳಕು ಚೆನ್ನಾಗಿರುವ ನಡುವಿನ ಖಾನೆಯಲ್ಲಿ ಕೂತಿದ್ದಾರೆ.

ನಮ್ಮವರು ಹಳೆಯ ರೋಮ್ ಸಾಮ್ರಾಜ್ಯದ ಬೆಳ್ಳಿ ನಾಣ್ಯ ಕೂಡಿಹಾಕುತ್ತಾರೆ. ನೆರೆಹೊರೆಯ ಗಂಡಸರು ಇಸ್ಪೀಟು ಆಡುತ್ತಾರೆ, ಗುಟಕಾ ಹಾಕುತ್ತಾರೆ. ಇವರು ಅಡಿಕೆಯ ಚೂರನ್ನೂ ಬಾಯಿಗೆ ಹಾಕಿದವರಲ್ಲ, ಅದಕ್ಕೆ ಶಿವನಿಗೆ ದಿನಾ ಕೈ ಮುಗಿಯುತ್ತೇನೆ. ಕೈ ಮುಗಿದು ಕಣ್ಣು ತೆರೆದರೆ ಎದುರಿಗೆ ಇವರು ಕಣ್ಣಿಗೆ ಭೂತಗನ್ನಡಿ ಒತ್ತಿಕೊಂಡು ಯಾವುದೋ ಚಕ್ರವರ್ತಿಯ ಕಿವಿಯನ್ನು ನೋಡುತ್ತಿರುತ್ತಾರೆ. ನನ್ನ ಕಿವಿಯ ಬೆಂಡೋಲೆ ಬದಲಾಗಿ ವರ್ಷ ಕಳೆಯಿತು, ಅದು ಇವರ ಕಣ್ಣಿಗೆ ಇನ್ನೂ ಬಿದ್ದಿಲ್ಲ!

ಆ ಚಕ್ರವರ್ತಿಗಳ ಹೆಸರು ನನ್ನ ನಾಲಿಗೆಯಲ್ಲಿ ಹೊರಳುವುದಿಲ್ಲ. ನಾನೇ ಹೆಸರಿಟ್ಟಿದ್ದೇನೆ. ಒಬ್ಬ ಉದ್ದ ಮೂಗಿನವ. ಒಬ್ಬ ಕೊಬ್ಬಿದ ಕುತ್ತಿಗೆಯವ, ನೋಡಿದರೆ ಊಟ ಬಿಟ್ಟು ಬೇರೆ ಕೆಲಸ ಮಾಡಿದವನಲ್ಲ. ಇನ್ನೊಬ್ಬ ಗುಂಗುರು ಗಡ್ಡದವ. ಈ ಗಡ್ಡದವನೇ ಇವರ ಮುದ್ದಿನವ. ಒಮ್ಮೆ ಶಿರಗುಪ್ಪಿಯಿಂದ ನನ್ನ ತಂಗಿ ಬಂದಾಗ ಇವರು ಅವಳನ್ನು ಹಿಡಿದು ಕೂಡಿಸಿದರು. ಗಡ್ಡದವನ ಅಪ್ಪ ಯಾರು, ಸಾಕು ತಂದೆ ಯಾರು, ಯಾವ ದಂಡಯಾತ್ರೆಗೆ ಹೋದ, ಮಗ ಹೇಗೆ ಕೆಟ್ಟ, ಎಲ್ಲ ಹೇಳಿದರು. ನಾನು ಮಾಡಿಟ್ಟ ಉಪ್ಪಿಟ್ಟು ಆರಿ ಹೆಪ್ಪುಗಟ್ಟಿತು. ತಂಗಿ ಎಲ್ಲವನ್ನೂ ಕೇಳಿ ಕೊನೆಗೆ ಮೆಲ್ಲಗೆ ಅಂದಳು: "ಇವರು ನಿಮ್ಮ ಕಡಿ ಬೀಗರೇನ್ರಿ, ಮಾಮಾ?"

ಅಂದಿನಿಂದ ಅವರು ನಮ್ಮ ಮನೆಯಲ್ಲಿ ರೋಮಿನ ಬೀಗರು. ಬೀಗರ ಉಪಚಾರ ಹೇಗಿರುತ್ತದೆ ಎಂದು ನಿಮಗೆ ಗೊತ್ತೇ ಇದೆ! ಹುಟ್ಟಿದಾಗಿನಿಂದ ಹತ್ತಿ ವ್ಯಾಪಾರದಲ್ಲಿ ಬೆಳೆದ ಮನುಷ್ಯ, ಈ ನಾಣ್ಯ ಹಿಡಿಯಲು ಹತ್ತಿಯ ಕೈಗವಸನ್ನು ಪಾರ್ಸಲಿನಲ್ಲಿ ತರಿಸಿದರು. ಊಟಕ್ಕೆ ಕೂಡುವಾಗ ಕೈ ತೊಳೆಯಿರಿ ಎಂದು ನಾನು ಬಾಯಿ ಬಡಿದುಕೊಳ್ಳಬೇಕು. ನಾಣ್ಯ ಮುಟ್ಟುವ ಮೊದಲು ಮಾತ್ರ ಕೈಗೆ ಸಾಬೂನು, ಆಮೇಲೆ ಕೈಗವಸು, ಆಮೇಲೆ ಉಸಿರು ಬಿಗಿಹಿಡಿದು ಅಂಚಿನಲ್ಲಷ್ಟೇ ಹಿಡಿಯುವುದು. ತೇವ ತಾಗಬಾರದೆಂದು ಚಪ್ಪಲಿ ಅಂಗಡಿಗಳಿಗೆ ಹೋಗಿ, ಹೊಸ ಬೂಟಿನ ಡಬ್ಬಿಯಲ್ಲಿ ಇಡುವ ತೇವ ಹೀರುವ ಸಣ್ಣ ಪೊಟ್ಟಣಗಳನ್ನು ಬೇಡಿ ತರುತ್ತಾರೆ. ಬೂಟು ಕೊಂಡದ್ದಿಲ್ಲ, ಬರೀ ಪೊಟ್ಟಣ! ಹೋದ ಮಳೆಗಾಲದಲ್ಲಿ ಹಪ್ಪಳದ ಡಬ್ಬಿಗೆ ಒಂದೇ ಒಂದು ಪೊಟ್ಟಣ ಕೊಡಿ ಎಂದು ಕೇಳಿದೆ. ಕೊಡಲಿಲ್ಲ. ಆ ವರ್ಷ ನಮ್ಮ ಹಪ್ಪಳ ಮೆತ್ತಗಾದವು, ಚಕ್ರವರ್ತಿಗಳು ಗರಿಗರಿಯಾಗಿದ್ದರು.

ಇನ್ನೊಂದು ಸಲ ನನಗೆ ನೆಗಡಿಯಾಗಿ ತಲೆ ಎತ್ತಲು ಆಗುತ್ತಿರಲಿಲ್ಲ. ಕಷಾಯಕ್ಕೆ ಮೆಣಸು ತನ್ನಿರೆಂದು ಕಳಿಸಿದೆ. ಹೋದವರು ಹೊತ್ತು ಏರಿದ ಮೇಲೆ ಬಂದರು. ಬಂದವರೇ ನನ್ನ ಹಾಸಿಗೆಯ ಹತ್ತಿರ ಕೂತು, ಈ ರೋಮಿನವರು ಹಡಗು ಕಟ್ಟಿಕೊಂಡು ನಮ್ಮ ದಕ್ಷಿಣದ ಕರಾವಳಿಗೆ ಬಂದದ್ದೇ ಮೆಣಸಿಗಾಗಿ, ಮೂಟೆ ಮೂಟೆ ಒಯ್ದು ಬೆಳ್ಳಿ ಸುರಿದು ಹೋದರು, ಅವರ ರಾಜ್ಯದ ಬೊಕ್ಕಸವೇ ಸೊರಗಿತು ಎಂದು ಕಣ್ಣರಳಿಸಿ ವಿವರಿಸಿದರು. ದಾರಿಯಲ್ಲಿ ಅಂಗಡಿಯವನಿಗೂ ಇದನ್ನೇ ಹೇಳಿ ಬಂದಿದ್ದರಂತೆ. ಅಷ್ಟು ದೂರದಿಂದ ಬಂದವರು ಮೆಣಸು ಒಯ್ದರು. ಓಣಿಯ ತುದಿಗೆ ಹೋದ ಇವರು ಮರೆತು ಬಂದಿದ್ದರು!

ಇದನ್ನೆಲ್ಲ ನುಂಗಿಕೊಂಡೇನು. ನನ್ನ ಹೊಟ್ಟೆ ಉರಿಯುವುದು ಆ ಕಪ್ಪಿನ ವಿಷಯಕ್ಕೆ. ಆ ನಾಣ್ಯಗಳೆಲ್ಲ ಕರ‍್ರಗೆ, ಹೊಗೆ ಹಿಡಿದ ಚಿಮಣಿಯ ಹಾಗೆ ಇವೆ. ಬೆಳ್ಳಿ ಎಂದು ಆಣೆ ಮಾಡಿ ಹೇಳಿದರೂ ಯಾರೂ ನಂಬುವುದಿಲ್ಲ. ನಮ್ಮದು ಲಿಂಗವಂತರ ಮನೆ. ಲಿಂಗದ ಕರಡಿಗೆ, ಆರತಿ ತಟ್ಟೆ, ಪಂಚಪಾಳ ಯಾವುದಿದ್ದರೂ ಪ್ರತಿ ಸೋಮವಾರ ವಿಭೂತಿ ಹಚ್ಚಿ ತಿಕ್ಕಿ ಥಳಥಳ ಮಾಡಿಯೇ ಪೂಜೆಗೆ ಕೂಡುವುದು. ಅಂಥ ಮನೆಯಲ್ಲಿ ಕಪಾಟಿನ ತುಂಬ ಕಪ್ಪು ಬೆಳ್ಳಿ! ಒಮ್ಮೆ ಒಂದನ್ನಾದರೂ ತಿಕ್ಕಿ ಕೊಡುತ್ತೇನೆ ಎಂದದ್ದಕ್ಕೆ ಇವರು ಓಣಿಗೆ ಕೇಳುವ ಹಾಗೆ ಕೂಗಾಡಿದರು. "ಅದು ಹೊಲಸಲ್ಲ, ಅದರ ವಯಸ್ಸು. ತಿಕ್ಕಿದ್ರ ಮುಗೀತು, ಅದಕ್ಕ ಕವಡಿ ಕಿಮ್ಮತ್ತಿಲ್ಲ. ನೀ ಅದರ ಕಡಿ ನೋಡಬ್ಯಾಡ."

"ಆತ್ರಿ, ನೋಡೂದಿಲ್ಲ," ಅಂದೆ. "ನನ್ನ ವಯಸ್ಸಿಗೂ ಒಂದ ಪೊಟ್ಟಣ ತಂದಿಡ್ರಿ."

ಇವರ ಕೂಗಿಗೆ ನಾನು ಹೆದರುವವಳಲ್ಲ. ಹೆದರುವವರು ನಮ್ಮ ಅತ್ತೆಯವರು. ಅವರಿಗೆ ಎಂಬತ್ತು ದಾಟಿದೆ, ಮರೆವಿನ ಕಾಯಿಲೆ. "ಯಾರ ಮಗಳವ್ವಾ ನೀನು?" ಎಂದು ನನ್ನನ್ನು ದಿನಾ ಕೇಳುತ್ತಾರೆ. ಹೆತ್ತ ಮಗನನ್ನು ಸಾವುಕಾರರು ಎಂದು ತಿಳಿದು, ಎದುರಿಗೆ ಬಂದರೆ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಾರೆ. ಯಾರಾದರೂ ದನಿ ಏರಿಸಿದರೆ ಸಾಕು, ಮೈ ಮುದುಡಿಕೊಂಡು ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಾರೆ, ಅನ್ನ ನೀರು ಮುಟ್ಟುವುದಿಲ್ಲ. ಎಲ್ಲ ಮರೆತರೂ ಕೈಗೆ ಒಂದು ಕೆಲಸ ಮಾತ್ರ ನೆನಪಿದೆ. ಸೋಮವಾರ ಬೆಳ್ಳಿಯ ಸಾಮಾನು ಮುಂದಿಟ್ಟರೆ, ವಿಭೂತಿ ಹಚ್ಚಿ, ಹಳೆಯ ಧೋತರದ ತುಂಡಿನಿಂದ ಹೂ ಸವರಿದ ಹಾಗೆ ತಿಕ್ಕುತ್ತಾರೆ. ಆಗ ಅವರ ಮುಖ ನೋಡಬೇಕು. ಅಷ್ಟಾದರೂ ಶಿವ ಉಳಿಸಿದ್ದಾನಲ್ಲ ಎಂದುಕೊಳ್ಳುತ್ತೇನೆ.

ಇನ್ನು ಆ ಸೋಮವಾರದ ಕತೆ. ಧಾರವಾಡದ ನಿವೃತ್ತ ಮಾಸ್ತರರೊಬ್ಬರು, ಇವರ ಹಾಗೆಯೇ ನಾಣ್ಯದ ಹುಚ್ಚಿನವರು, ಒಂದು ಪ್ರದರ್ಶನ ಏರ್ಪಡಿಸಿದ್ದರು. ಇವರ ಗಡ್ಡದವನನ್ನು ಅಲ್ಲಿಡಬೇಕೆಂದು ಆಸೆಪಟ್ಟು, ನೋಡಿ ಒಯ್ಯಲು ಅಂದು ಬರುವವರಿದ್ದರು. ಯಾವತ್ತೂ ತಿಕ್ಕಿಲ್ಲದ, ವಯಸ್ಸಿನ ಕಪ್ಪು ಹಾಗೆಯೇ ಉಳಿದ ನಾಣ್ಯ ಬೇಕು, ಅದೊಂದೇ ಕರಾರು. ಇವರಿಗೆ ಮದುಮಗನ ಸಂಭ್ರಮ! ಬೆಳಿಗ್ಗೆಯೇ ಪಡಸಾಲೆಯಲ್ಲಿ ಮಣೆ ಹಾಕಿ, ಮಖಮಲ್ಲಿನ ಬಟ್ಟೆ ಹಾಸಿ, ಬೀಗರನ್ನೆಲ್ಲ ಸಾಲಾಗಿ ಕೂಡಿಸಿ, ಯಾರೂ ಸುಳಿಯಬಾರದೆಂದು ನನಗೆ ಅಪ್ಪಣೆ ಮಾಡಿ ಸ್ನಾನಕ್ಕೆ ಹೋದರು. ಮಣೆ, ಅದರ ಮೇಲೆ ಬಟ್ಟೆ, ಅದರ ಮೇಲೆ ಕಪ್ಪಾದ ಬೆಳ್ಳಿ, ಅದೂ ಸೋಮವಾರ. ನಮ್ಮಂಥ ಮನೆಯಲ್ಲಿ ಹೀಗೆ ಇಟ್ಟುಹೋದರೆ ಅದಕ್ಕೆ ಏನರ್ಥ, ನೀವೇ ಹೇಳಿ?

ನಾನು ಅಡುಗೆ ಮನೆಯಿಂದ ಬಂದು ನೋಡುವಷ್ಟರಲ್ಲಿ ಅತ್ತೆಯವರು ಮಣೆಯ ಮುಂದೆ ಕಾಲು ಚಾಚಿ ಕೂತಿದ್ದರು. ತೊಡೆಯ ಮೇಲೆ ಧೋತರದ ತುಂಡು. ಅಂಗೈಯಲ್ಲಿ ವಿಭೂತಿ. ವಿಭೂತಿಯ ನಡುವೆ ಗಡ್ಡದವ. ಅವನ ಗಡ್ಡದ ಒಂದೊಂದು ಗುಂಗುರೂ ಹುಣ್ಣಿಮೆಯ ಹಾಗೆ ಹೊಳೆಯುತ್ತಿತ್ತು.

ಅದೇ ಹೊತ್ತಿಗೆ ಬಚ್ಚಲಿನ ಬಾಗಿಲು ತೆರೆಯಿತು. ಇವರು ಒದ್ದೆ ತಲೆಯಲ್ಲಿ ಬಂದವರು ಅಲ್ಲೇ ನಿಂತುಬಿಟ್ಟರು. ಕುತ್ತಿಗೆಯ ನರ ಉಬ್ಬಿದ್ದು ನನಗೆ ಕಂಡಿತು. ಈಗ ಕೂಗುತ್ತಾರೆ, ಮುದುಕಿ ಮುದುಡಿಕೊಳ್ಳುತ್ತಾರೆ, ಆ ಕೈಗೆ ಉಳಿದ ಒಂದು ಕೆಲಸವೂ ಇವತ್ತಿಗೆ ಹೋಗುತ್ತದೆ. ಇಷ್ಟು ವರ್ಷದ ಸಿಟ್ಟನ್ನೆಲ್ಲ ಒಟ್ಟುಮಾಡಿಕೊಂಡು ಅವರಿಬ್ಬರ ನಡುವೆ ಹೋಗಿ ನಿಂತೆ. ಇವರು ಬಾಯಿ ತೆರೆದರೆ ಆ ಬೀಗರನ್ನು ಗಂಟು ಕಟ್ಟಿ ಕೆರೆಗೆ ಎಸೆಯುತ್ತೇನೆ ಎಂದು ಹೇಳಲು ಸಿದ್ಧಳಾಗಿದ್ದೆ.

ಅತ್ತೆಯವರು ನನ್ನ ಬದಿಯಿಂದ ಇಣುಕಿ, ಸೆರಗು ಸರಿಮಾಡಿಕೊಂಡು, ನಾಣ್ಯವನ್ನು ಅವರಿಗೆ ಎತ್ತಿ ತೋರಿಸಿದರು. "ನೋಡ್ರಿ ಸಾವ್ಕಾರ್ರ, ಹೆಂಗ ಮಸಿ ಹಿಡಿದಿತ್ತು. ಯಾವ ಮೈಗಳ್ಳಿ ಇಟ್ಟಿದ್ಲೋ ಏನೋ. ಸೊಸಿ ಚೊಕ್ಕ ಇಲ್ಲ ಅಂದ್ರ ಹಿಂಗ ಆಗತೈತಿ."

ಕೇಳಿದಿರಾ? ತಿಕ್ಕುತ್ತೇನೆ ಎಂದು ಅಂಗಲಾಚಿ ಬೈಸಿಕೊಂಡವಳು ನಾನು. ಮೈಗಳ್ಳಿಯೂ ನಾನೇ! ಯಾರ ಮೇಲೆ ಸಿಟ್ಟು ಮಾಡಬೇಕು ಎಂಬುದೇ ನನಗೆ ತಿಳಿಯದಾಯಿತು.

ಇವರು ನನ್ನನ್ನು ಮೆಲ್ಲಗೆ ಬದಿಗೆ ಸರಿಸಿದರು. ತಾಯಿಯ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಕೈಗವಸು ಇರಲಿಲ್ಲ. ಗಡ್ಡದವನನ್ನು ಬರಿ ಅಂಗೈಯಲ್ಲಿ ತೆಗೆದುಕೊಂಡು, ಆಚೆ ಈಚೆ ಹೊರಳಿಸಿ ಬಹಳ ಹೊತ್ತು ನೋಡಿದರು.

"ಛಲೋ ಆತ್ರಿ ಅವ್ವಾರ," ಎಂದರು, ನಾನು ಎಂದೂ ಕೇಳದ ಮೆತ್ತನೆಯ ದನಿಯಲ್ಲಿ. "ಇನ್ನೂ ಅದಾವ."

ಉದ್ದ ಮೂಗಿನವನನ್ನು ಎತ್ತಿ ಅವರ ಅಂಗೈಯಲ್ಲಿಟ್ಟರು. ಮುದುಕಿಯ ಮುಖ ಅರಳಿತು, ಬೆರಳು ಕೆಲಸಕ್ಕೆ ಹತ್ತಿತು. ಅಷ್ಟರಲ್ಲಿ ಹೊರಗೆ ಗೇಟು ಸದ್ದಾಯಿತು. ಮಾಸ್ತರರು ಬಂದಿದ್ದರು. ನಾನು ಇವರ ಮುಖ ನೋಡಿದೆ. ಇವರು ಕಣ್ಣೆತ್ತಲಿಲ್ಲ.

"ಈಗ ಆಗೂದಿಲ್ಲಂತ ಹೇಳು," ಎಂದರು. "ಅವ್ವ ಕೆಲಸದಾಗ ಅದಾಳ."

ಬಾಗಿಲಿಗೆ ಹೋಗಿ ಹಾಗೆಯೇ ಹೇಳಿ ಬಂದೆ. ಬರುವಾಗ ದೇವರ ಮನೆಯಿಂದ ಇನ್ನೊಂದು ವಿಭೂತಿ ಗಟ್ಟಿ ತಂದು, ಪುಡಿ ಮಾಡಿ, ಅವರಿಬ್ಬರ ನಡುವೆ ಇಟ್ಟೆ.