ಮೌನಕ್ಕೆ ತಾಳ ಹಾಕಿದ್ದು

ನವೆಂಬರ್ ೧೭, ೨೦೦೭, ಶನಿವಾರ. ನಮ್ಮ ಗಾಯನ ಕಛೇರಿ ಶುರುವಾದದ್ದು ಸಂಜೆ ಆರಕ್ಕೆ. ಎಣಿಸುವ ಚಟದವರಿಗೆ ಎಣಿಸಲಾಗದ್ದು ಎದುರಾದರೆ ಎಂಥ ಸಂಕಟವೆಂದು ನನಗೆ ತಿಳಿದದ್ದು ದೂರದೇಶದ ಊರಾದ ಉಪ್ಸಾಲಾದ ಈ ಚರ್ಚಿನ ಗಾಯಕವೃಂದ ಸೇರಿದ ಮೇಲೆ. ಬಸ್ಸು ತಡವಾದದ್ದನ್ನೂ ಡೈರಿಯಲ್ಲಿ ಬರೆದಿಡುವವಳು ನಾನು. ನಾವು ಕಲಿಯುತ್ತಿದ್ದದ್ದು ಹಳೆಯ ಜರ್ಮನ್ ಭಕ್ತಿಗೀತೆಯೊಂದು. ವಾದ್ಯವಿಲ್ಲ, ಬರೀ ಕೊರಳು. ಎದುರುಬದುರು ಎರಡು ಗುಂಪು. ಒಂದು ಅಳುಕುತ್ತಾ ಕೇಳುತ್ತದೆ, ಇನ್ನೊಂದು ಸಮಾಧಾನ ಹೇಳುತ್ತದೆ, ಆಮೇಲೆ ಎರಡೂ ಹೆಣೆದುಕೊಂಡು ಮೇಲೇರಿ ಇದ್ದಕ್ಕಿದ್ದಂತೆ ನಿಂತುಬಿಡುತ್ತವೆ. ಪೂರ್ತಿ ಮೌನ. ಎಷ್ಟು ಹೊತ್ತು? ನಿರ್ದೇಶಕಿ ಬಿರ್ಗಿತ್ತಾ ಕೈ ಎತ್ತುವ ತನಕ. ಆಗ ನಮ್ಮ ಸಾಲಿನ ಹೆಂಗಸರು ಒಂದು ಎಳೆ ಹಿಡಿದು ಹೊರಡಬೇಕು, ಉಳಿದವರು ಅದೇ ಎಳೆ ಹಿಡಿದು ಬೆನ್ನಟ್ಟುತ್ತಾರೆ.

ತೊಡೆಯ ಮೇಲೆ ಆದಿತಾಳ ಹಾಕುತ್ತಾ ಸಂಗೀತ ಕಲಿತವಳಿಗೆ ‘ಕೈ ಎತ್ತುವ ತನಕ’ ಎಂಬ ಲೆಕ್ಕವೇ ಇಲ್ಲ. ಎಲ್ಲರೂ ಉಸಿರು ಬಿಗಿಹಿಡಿದಿರುವಾಗ, ಆವರ್ತ ಮುಗಿಯಿತೆಂದು ನಾನೊಬ್ಬಳೇ ದನಿ ಎತ್ತಿಬಿಡುತ್ತಿದ್ದೆ. ಇಲ್ಲಿ ಬೈಯುವ ಪದ್ಧತಿಯಿಲ್ಲ. ಬಿರ್ಗಿತ್ತಾ ಮೊದಲು “ಆಸಕ್ತಿಕರ” ಎಂದರು, ಆಮೇಲೆ “ತುಂಬ ಆಸಕ್ತಿಕರ” ಎಂದರು. ಕಡೆಗೆ, ಮೊನ್ನೆ ಗುರುವಾರದ ಅಭ್ಯಾಸದ ನಡುವೆ, ಫೀಕಾ ಎನ್ನುವ ಇಲ್ಲಿನ ಕಾಫಿ ಬಿಡುವಿನಲ್ಲಿ ಲೋಟಕ್ಕೆ ಬಗ್ಗಿಸಿಕೊಡುತ್ತಾ, “ಶನಿವಾರವೂ ಹಾಗಾದರೆ, ಕ್ರಿಸ್ಮಸ್ ಹೊತ್ತಿಗೆ ನೀನು ಕೇಳುಗರ ಜೊತೆ ಕೂತರೆ ನಿನಗೇ ಹಿತವೇನೋ” ಎಂದರು. ಅಭ್ಯಾಸದ ಆ ಗುರುವಾರಗಳನ್ನು ಬಿಟ್ಟರೆ ಈ ಊರಿನಲ್ಲಿ ನನ್ನ ದನಿ ಕೇಳುವುದು ಲ್ಯಾಬಿನ ಫ್ರಿಜ್ಜಿಗೆ ಮತ್ತು ಪಕ್ಕದ ಮೇಜಿನ ರಫೀಕನಿಗೆ.

“ಯಾಕ ಹೆದರ್ತಿ? ಎರಡೂ ಕೈಲೆ ಪುಸ್ತಕ ಗಟ್ಟಿ ಹಿಡಕೊ, ತಾಳ ಹೆಂಗ ಹಾಕ್ತಿ ನೋಡೂಣು! ನಾ ಮುಂದಿನ ಸಾಲಿನ್ಯಾಗ ಕುಂತಿರ್ತೀನಿ” ಎಂದ ಧಾರವಾಡದ ರಫೀಕ್.

ಕಛೇರಿಯಲ್ಲಿ ಆ ಮೌನ ಬಂತು. ಪುಸ್ತಕ ಹಿಡಿದ ಬೆರಳು ಬಿಳಿಚಿಕೊಂಡವು. ತಾಳ ಕಾಲ್ಬೆರಳಿಗಿಳಿಯಿತು, ಅದನ್ನೂ ಬೂಟಿನೊಳಗೆ ಒತ್ತಿ ಹಿಡಿದೆ. ಒಂದು ಆವರ್ತ ದಾಟಿತು. ಬಿರ್ಗಿತ್ತಾರ ಕೈ ಮೇಲೇಳಲಿಲ್ಲ. ಯಾರೋ ಎಂಜಲು ನುಂಗಿದ್ದು ಕೇಳಿಸಿತು. ಆಗ ಮುಂದಿನ ಸಾಲಿನಿಂದ, ಇಡೀ ಚರ್ಚು ಮೊಳಗುವಂತೆ, “ವಾಹ್!”

ರಫೀಕನ ಊರಿನಲ್ಲಿ, ಗವಾಯಿ ಹದವಾಗಿ ನಿಲ್ಲಿಸಿದ ಜಾಗದಲ್ಲಿ ಸುಮ್ಮನಿದ್ದರೆ ಅದೇ ಅವಮಾನ. ಬಿರ್ಗಿತ್ತಾರ ಕೈ ಬೆಚ್ಚಿ ಮೇಲೆದ್ದಿತು. ನಮ್ಮ ಸಾಲು ಹೊರಟಿತು. ನಾನು ಹೊರಡಲಿಲ್ಲ. ಬಾಯಿ ತೆರೆದರೆ ನಗುವೇ ಹೊರಬರುತ್ತಿತ್ತು. ಕೊನೆಯವರೆಗೂ ದನಿಯಿಲ್ಲದೆ, ಮೀನಿನ ಹಾಗೆ, ತುಟಿ ಆಡಿಸಿದೆ.

ಮುಗಿದ ಮೇಲೆ ಬಿರ್ಗಿತ್ತಾ ನನ್ನನ್ನು ಅಪ್ಪಿಕೊಂಡರು. “ಇವತ್ತು ನಿನ್ನದು ಒಂದು ಸ್ವರವೂ ತಪ್ಪಲಿಲ್ಲ. ಕ್ರಿಸ್ಮಸ್ಸಿಗೂ ಹೀಗೇ ಹಾಡು.”

ಡೈರಿಯಲ್ಲಿ ‘ಸರಿ’, ‘ತಪ್ಪು’ ಎಂದು ಗೆರೆ ಎಳೆದು ಕೂತಿದ್ದೇನೆ. ಇಂಥದ್ದನ್ನು ಯಾವುದರ ಕೆಳಗೆ ಬರೆಯಬೇಕೆಂದು ಬಲ್ಲವರು ದಯವಿಟ್ಟು ಒಂದು ಸಾಲು ಬರೆದು ತಿಳಿಸಿ. ಮುಂದಿನ ಅಭ್ಯಾಸದೊಳಗೆ ತಲುಪಿದರೆ ಉಪಕಾರ.